ಉಪ್ಪಿನ ಅಳತೆ

ಕೋಳಿ ಬಿಟ್ಟೆ, ಸಗಣಿ ಬಾಚಿದೆ, ಕೌಲಿಯನ್ನು ಹಿಂಡಿದೆ.
ಒದೆಯಲಿಲ್ಲ: ನಿನ್ನ ಹಳೇ ಸೀರೆ ಸುತ್ತಿಕೊಂಡು ಕೂತಿದ್ದೆ.
ಒಲೆಯ ಬೂದಿ ಬದನೆಯ ಬುಡಕ್ಕೆ.
ನಿನ್ನೆಯ ಅನ್ನ ಜೀರಿಗೆ ಹಾಕಿ ನಾದಿ
ಚಾಪೆಯ ಮೇಲೆ ಸಂಡಿಗೆ ಇಟ್ಟಾಯ್ತು;
ಒಂದೂ ದುಂಡಗಿಲ್ಲ,
ಬಿಸಿಲು ಆಕಾರ ಕೇಳುವುದಿಲ್ಲ ಬಿಡು.

ಈಗ ಮಿಡಿ. ವರದೆಯ ದಂಡೆಯ ಮರದ್ದು.
ಮಂಚದಿಂದ ನಿನ್ನ ದನಿ:
"ತೊಟ್ಟಿಲ್ಲದ್ದು ಭರಣಿಗೆ ಬೇಡ,
ಒಂದು ಕೊಳೆತರೆ ಊರೇ ಕೊಳೀತದೆ.
ಬಿಸಾಡೀರಿ ಮತ್ತೆ! ಹೆಚ್ಚಿ ಒಣಗಿಸಿ, ಸಾರಿನ ಹುಳಿಗಾತು."

ಉಪ್ಪೆಷ್ಟು ಅಂದರೆ
"ಕೈಗೆ ಗೊತ್ತಾಗ್ತದೆ" ಅನ್ನುತ್ತೀ.
ಗೊತ್ತಿರುವ ಕೈ ಪ್ಲಾಸ್ಟರಿನೊಳಗಿದೆ, ಗುತ್ಯಮ್ಮಾ.
ನನ್ನದಕ್ಕೆ ಗೊತ್ತಿರುವುದು
ಆನವಟ್ಟಿ ಬಸ್ಸಿನ ಗೇರು ಮಾತ್ರ.
ಮುಷ್ಟಿ ತುಂಬ ಹರಳುಪ್ಪು ತಂದು ಮುಂದೆ ಹಿಡಿದೆ.
ನೀನು ಎಡಗೈಯಲ್ಲಿ ನಾಲ್ಕು ಹರಳು ತೆಗೆದು,
ಯೋಚಿಸಿ,
ಎರಡು ವಾಪಸ್ಸು ಹಾಕಿದೆ.

ನೂರಕ್ಕೊಂದು ಗೀಟು, ಇದ್ದಿಲಲ್ಲಿ,
ನಿನ್ನ ಪ್ಲಾಸ್ಟರಿನ ಮೇಲೇ.
ಕಾಗದ ಯಾಕೆ ದಂಡ?
ಏಳು ಗೀಟು, ಮೇಲೆ ಮೂವತ್ತೊಂದು.
ಸೋಮವಾರ ಸೊರಬದ ಡಾಕ್ಟರು
ಕತ್ತರಿ ಹಿಡಿದು "ಇದೇನಮ್ಮಾ ಲೆಕ್ಕ?" ಅಂದರೆ
ಹೇಳಬೇಡ.
ಒಂದು ಬಾಟಲಿ ಕೇಳಿಯಾರು.