ಅರ್ಧಕ್ಕರ್ಧ

ಡುಲೂತ್ ಊರಿನ ಕೌಂಟಿ ಕಚೇರಿ, ನೆಲಮಾಳಿಗೆ.
ಪಕ್ಕದ ಕಿಟಕಿಯಲ್ಲಿ ನಾಯಿಗೆ ಲೈಸೆನ್ಸು, ದೋಣಿಗೆ ಲೈಸೆನ್ಸು.
ನನ್ನ ಮೇಜಿನ ಮುಂದೆ ಆರ್ವಿಡ್ ಲಿಂಡ್‌ಕ್ವಿಸ್ಟ್,
ವಯಸ್ಸು ಎಂಬತ್ತಮೂರು. ಬೂಟಿನ ಹಿಮ ಕರಗಿ
ಕುರ್ಚಿಯ ಕೆಳಗೊಂದು ಪುಟ್ಟ ಕೆರೆ.

ಕೆನ್ನೆ ಕೆಂಪು. ಆರೋಗ್ಯವೆಂದುಕೊಂಡೆ.
"ಅಲ್ಲ," ಎಂದ, "ರಕ್ತ ಜಾಸ್ತಿ."
ಮೂಳೆಯೊಳಗಿನ ಮಜ್ಜೆ ನಿಲ್ಲಿಸುವುದನ್ನೇ ಮರೆತು
ಕಾಕಂಬಿಯಂಥ ರಕ್ತ ಮಾಡಿ ಮಾಡಿ ಒಟ್ಟುತ್ತದಂತೆ.
ಆರು ವಾರಕ್ಕೊಮ್ಮೆ ಒಂದು ಚೀಲ ಬಸಿಯುತ್ತಾರೆ.
"ಯಾರಿಗಾದರೂ ಕೊಡ್ತೀರಾ ಅಂತ ನರ್ಸನ್ನು ಕೇಳಿದೆ.
ಚೆಲ್ಲುತ್ತೇವೆ ಅಂದಳು."
ಅದೇ ಅವನಿಗೆ ನೋವು. ಸೂಜಿಯಲ್ಲ.

ನಾನೂ ಹಡಗಿನ ಉಗ್ರಾಣದಲ್ಲಿ ಆರು ವರ್ಷ
ಮೊಳೆ ಎಣಿಸಿದವಳು; ಫಾರಮ್ಮಿನ ಭಾಷೆ ಬರುತ್ತದೆ.
ಕಾಯಿಲೆ ಶುರುವಾದ ತಾರೀಖು?
ಖಾಲಿ ಬಿಟ್ಟೆ.
ಸೇವೆಯಲ್ಲಿ ಮಾಡಿದ ಕೆಲಸ?
ನಾರ್ತ್ ಡಕೋಟಾದ ವಾಯುನೆಲೆ, ಅರವತ್ತೊಂದರಿಂದ ಮೂರು ವರ್ಷ,
ವಿಮಾನದ ಹೊಟ್ಟೆಗೆ ಇಂಧನ ತುಂಬುವುದು.
ಗ್ರೀಸು ಮೆತ್ತಿದ ಕೈ ತೊಳೆದದ್ದೂ ಅದರಲ್ಲೇ.
ಆ ಚಳಿಯಲ್ಲಿ ನೀರು ಕಲ್ಲಾಗುತ್ತಿತ್ತು, ಅದು ಆಗುತ್ತಿರಲಿಲ್ಲ.

ದಾಖಲೆ ಕೇಳಿದೆವು. ಸೇಂಟ್ ಲೂಯಿಸ್‌ನಿಂದ ಒಂದೇ ಹಾಳೆ:
ಎಪ್ಪತ್ತಮೂರರ ಬೆಂಕಿಯಲ್ಲಿ ಹೋಗಿರಬೇಕು.
ಅವನ ಮನೆತನದ ಮೊದಲ ಅಕ್ಷರ
ಬೆಂದ ಕಪಾಟುಗಳ ಸಾಲಿನಲ್ಲಿತ್ತು.
"ಹಾಗಾದರೆ ನಾನು ಅಲ್ಲಿರಲೇ ಇಲ್ಲವೆ?"
ಕೇಳಿದ್ದು ತಮಾಷೆಗೆ. ಆದರೂ ನನ್ನ ಮುಖ ನೋಡಿದ.

ಡಾಕ್ಟರರ ಪತ್ರ ಬೇಕು, ಅದರಲ್ಲೊಂದು ಸಾಲು ಬೇಕೇಬೇಕು:
ಆ ಇಂಧನದಿಂದ ಆಗಿರುವ ಸಾಧ್ಯತೆ
ಆಗಿಲ್ಲದಿರುವ ಸಾಧ್ಯತೆಯಷ್ಟಾದರೂ ಇದೆ.
ನಿಶ್ಚಯ ಬೇಡ, ಎಂದು ವಿವರಿಸಿದೆ,
ತಕ್ಕಡಿ ಸಮ ನಿಂತರೆ ಸಾಕು,
ಸಂಶಯದ ಲಾಭ ಸಿಪಾಯಿಗೆ.
ಆರ್ವಿಡ್ ಯೋಚಿಸಿದ.
"ನನ್ನ ಮದುವೆಯೂ ಹಾಗೇ ಶುರುವಾದದ್ದು."

ಮುಂದಿನ ಮಂಗಳವಾರ ಬಿಸ್ಕತ್ತಿನ ಡಬ್ಬ ತಂದ.
ಮಾರ್ವೆಲ್ ತೀರಿಕೊಂಡು ಒಂಬತ್ತು ವರ್ಷ;
ಅವಳು ಕೂಡಿಟ್ಟ ಪತ್ರಗಳು,
ಇವನದೇ ಇಪ್ಪತ್ತರ ಅಕ್ಷರ, ಬಲಕ್ಕೆ ವಾಲಿ ಓಡುವಂಥದು.
ಒಂದನ್ನು ಅಂಗೈಯಲ್ಲಿ ಮುಚ್ಚಿ ಮೇಲಿನ ಅರ್ಧ ಮಾತ್ರ ತೋರಿಸಿದ:
"ಇವತ್ತು ಪೈಪು ಬಿರಿದು ತಲೆಯಿಂದ ಕಾಲಿನ ತನಕ ತೊಯ್ದೆ.
ಸಾರ್ಜೆಂಟ್ ನಕ್ಕು ಟವೆಲ್ ಎಸೆದ. ಬಟ್ಟೆ ಬದಲಿಸಲು ಬಿಡುವಿಲ್ಲ,
ಇನ್ನೂ ನಾಲ್ಕು ವಿಮಾನ ಬಾಕಿ.
ಈ ಕಾಗದಕ್ಕೂ ವಾಸನೆ ಹತ್ತಿದ್ದರೆ ಕ್ಷಮಿಸು."
ತಾರೀಖಿದೆ. ಲಕೋಟೆಗೆ ಅಂಚೆ ಮುದ್ರೆಯಿದೆ.
ಮೈ ಜುಮ್ಮೆಂದಿತು: ಕೊನೆಗೂ ಒಬ್ಬ ಸಾಕ್ಷಿ,
ಅದೂ ಇಪ್ಪತ್ತರ ಹುಡುಗ.

"ಕೆಳಗಿನದು ಬೇಡ."
ಇಡೀ ಪುಟ ಕಳಿಸಬೇಕು, ಎಂದೆ. ಮುಚ್ಚಿದ್ದನ್ನು ಅವರು ನಂಬುವುದಿಲ್ಲ.
ಕೆಂಪು ಮುಖ ಇನ್ನೂ ಕೆಂಪಾಯಿತು.
ಓದುವುದಿಲ್ಲವೆಂದು ಮಾತು ಕೊಟ್ಟು
ಜೆರಾಕ್ಸ್ ಗಾಜಿನ ಮೇಲೆ ಬೋರಲು ಹಾಕಿದೆ.
ಹಸಿರು ಬೆಳಕು ಮಾರ್ವೆಲ್ಲಳ ಹೆಸರಿನ ಕೆಳಗೆ ಹರಿದು ಹೋಯಿತು,
ಪ್ರತಿ ಹೊರಬಿತ್ತು, ಮುಖ ಮೇಲಾಗಿ.
ಓದಿದೆ. ಏನು ಹೇಳಲಿ, ಓದಿದೆ.
ಎಲ್ಲೋ ದೂರದ ಗುಮಾಸ್ತನೊಬ್ಬ ಊಟಕ್ಕೆ ಏಳುವ ಮುಂಚೆ
ಓದಲಿರುವುದನ್ನು ನಾನು ಮೊದಲು ಓದಿದೆ.
ಇಲ್ಲಿ ಬರೆಯುವುದಿಲ್ಲ.

ಮೂಲವನ್ನು ಹಿಂತಿರುಗಿಸಿದಾಗ ಅವನು ಮಡಿಸಲಿಲ್ಲ.
ಮೂಗಿಗೆ ಹಿಡಿದ, ತುಂಬ ಹೊತ್ತು;
ಆಮೇಲೆ ನನ್ನತ್ತ ಚಾಚಿದ.
"ಇನ್ನೂ ಇದೆಯಾ? ನನಗೆ ಈಗ ಗೊತ್ತಾಗುವುದಿಲ್ಲ."

ತಗಡು. ಹಳೆಯ ಸಕ್ಕರೆ. ಕಾಗದದ ಧೂಳು.
ಅದರಾಚೆ ಏನೋ, ಅಥವಾ ಏನೂ ಅಲ್ಲ.

"ಇರುವ ಸಾಧ್ಯತೆ," ಎಂದೆ,
"ಇಲ್ಲದಿರುವ ಸಾಧ್ಯತೆಯಷ್ಟಾದರೂ ಇದೆ."

ತೀರ್ಪು ಕೈಗೆ ಬಂದವನಂತೆ ತಲೆಯಾಡಿಸಿ
ಕೈಗವಸು ಹುಡುಕತೊಡಗಿದ.
ಗುರುವಾರ ಮತ್ತೆ ಚೀಲದ ದಿನ.