ಹಬೆ ಇರಲಿಲ್ಲ

ಕುತೈಸಿಯ ಈ ಇಳಿಜಾರು ಬೀದಿಯಲ್ಲಿ ನನ್ನದು ನೆಲಮಾಳಿಗೆ.
ಬಾವಿಯಂಥ ಮಣ್ಣಿನ ಒಲೆ, ಅದರೊಳಕ್ಕೆ
ಸೊಂಟದವರೆಗೂ ಬಗ್ಗಿ
ಕೆಂಡದ ಗೋಡೆಗೆ ಹಿಟ್ಟು ಬಡಿಯುವುದು ಕಸುಬು.
ಗಿರಾಕಿಗೆ ಬಾಗಿಲಿಲ್ಲ. ಬೀದಿಯ ಮಟ್ಟಕ್ಕೊಂದು ಕಿಟಕಿ.
ಹಾಗಾಗಿ ಸಾಲಿನಲ್ಲಿ ನಿಂತವರು ನನಗೆ
ಬೂಟು, ಕಾಲುಚೀಲ, ಊರುಗೋಲು,
ಮತ್ತೆ ಮಾತು.

ಶನಿವಾರ ರಾತ್ರಿ ಸಿನಿಮಾ ನೋಡಿದವರು
ಭಾನುವಾರ ರೊಟ್ಟಿಗೆ ಬರುತ್ತಾರೆ.
ರೊಟ್ಟಿ ಬೇಯಲು ಏಳು ನಿಮಿಷ,
ಅಷ್ಟರಲ್ಲಿ ಎರಡು ಗಂಟೆಯ ಚಿತ್ರ ಮುಗಿಯಬೇಕು.

ಕಂದು ಬೂಟಿನ ಝುಝುನಾ ‘ಪರವಾಗಿಲ್ಲ’ ಅಂದರೆ
ಚೆನ್ನಾಗಿ ಅತ್ತಿದ್ದಾಳೆ ಅಂತ.
‘ದುಡ್ಡು ದಂಡ’ ಅಂದರೆ ನಾಯಕಿ
ಅವಳಿಗಿಂತ ಸಣ್ಣಗಿದ್ದಳು ಅಂತ.
ಔಷಧಿ ಅಂಗಡಿಯ ಬೋಂದೋಗೆ ಇರುವುದೊಂದೇ ಅಭಿಪ್ರಾಯ.
ಯುದ್ಧದ ಚಿತ್ರ: ಉದ್ದವಾಯಿತು.
ನಾಯಿಮರಿಯ ಚಿತ್ರ: ಉದ್ದವಾಯಿತು.
ಮಾವನ ಮಣ್ಣಿನ ದಿನ ಪಾದ್ರಿಗೂ ಅದನ್ನೇ ಅಂದನಂತೆ.
ಬಿಳಿ ಕ್ಯಾನ್ವಾಸಿನ ಹುಡುಗ ಗೇಗಾ ಕಥೆ ಹೇಳುವುದೇ ಇಲ್ಲ,
ಕ್ಯಾಮೆರಾ ಎಲ್ಲಿಟ್ಟಿದ್ದರು ಅಂತ ಹೇಳುತ್ತಾನೆ.
‘ಮೂರು ನಿಮಿಷ ಬರೀ ಒಂದು ಕಿಟಕಿ, ಗೊತ್ತಾ ಮಾವ?’
ಗೊತ್ತಪ್ಪ.
ಇಪ್ಪತ್ತಾರು ವರ್ಷದಿಂದ ಬರೀ ಒಂದು ಕಿಟಕಿ.

ನೀಲಿ ಚಪ್ಪಲಿ, ಉಣ್ಣೆಯ ಕಾಲುಚೀಲ: ತ್ಸಿಯುರಿ.
ಅವಳೊಬ್ಬಳೇ ಪೂರ್ತಿ ಹೇಳುವವಳು,
ಯಾರ ಅಂಗಿಗೆ ಯಾವ ಗುಂಡಿ ಅನ್ನುವವರೆಗೂ.
ಅವಳ ಕಥೆಗೆ ನನ್ನ ರೊಟ್ಟಿ ಎಷ್ಟೋ ಸೀದಿವೆ.
ದಿನಾ ಎರಡು ಒಯ್ಯುತ್ತಾಳೆ. ಯಾರಿಗೆ ಅಂತ ಕೇಳಿಲ್ಲ.
‘ಕೊನೆಗೆ ರೈಲು ನಿಲ್ಲುತ್ತದೆ’ ಅಂದಳು ಹೋದ ವಾರ,
‘ಅವನು ಇಳಿಯುತ್ತಾನೆ. ಪೆಟ್ಟಿಗೆ ಗಿಟ್ಟಿಗೆ ಇಲ್ಲ, ಕೈಯಲ್ಲಿ ಟೋಪಿ.
ಅವಳು ಎಲ್ಲರೆದುರು ಬೈಯುತ್ತಾಳೆ.
ಅಷ್ಟೇ. ಹೋಗಿ ನೋಡು.’

ಹೋದೆ. ಒಲೆಗೆ ಹೊಸ ಜೇಡಿ ಮೆತ್ತಿ
ಒಣಗಲು ಬಿಟ್ಟ ಸೋಮವಾರ.
ಸೂರ್ಯಕಾಂತಿ ಬೀಜದ ಸಿಪ್ಪೆ ಕಾಲಡಿ ಚರಚರ.
ಎರಡು ಗಂಟೆಗೆ ಏಳುವವನಿಗೆ ಕತ್ತಲೆ ಕೊಟ್ಟರೆ
ಏನು ಮಾಡಿಯಾನು? ಮಲಗಿದೆ.

ಎಚ್ಚರವಾದಾಗ ಪರದೆಯ ತುಂಬ ಒಂದು ರೊಟ್ಟಿ.
‘ಈಗಷ್ಟೇ ಒಲೆಯಿಂದ ಬಂತು’ ಅಂತ ಆ ನಟ ಮುರಿದ.
ಒಣ ಪುಳ್ಳೆ ಮುರಿದ ಸದ್ದು.
ಒಂದೆಳೆ ಹಬೆ ಇಲ್ಲ.
‘ಸುಳ್ಳು!’ ಅಂದುಬಿಟ್ಟೆ, ಗಟ್ಟಿಯಾಗಿ.
ಮೂರು ತಲೆ ತಿರುಗಿದವು.

ಆಮೇಲೆ ರೈಲು ಬಂತು.
ಅದರ ಕಿಟಕಿಗಳ ಬೆಳಕು
ಆ ಹೆಂಗಸಿನ ಮುಖದ ಮೇಲೆ
ಒಂದು, ಇನ್ನೊಂದು, ಮತ್ತೊಂದು,
ಹಾಗೇ ಹಾದುಹೋಯಿತು.
ನಿಲ್ಲಲಿಲ್ಲ.
ಕಸ ಗುಡಿಸುವವಳು ಬರುವ ತನಕ ಕೂತಿದ್ದೆ,
ನಿಂತ ರೈಲು ನನ್ನ ನಿದ್ದೆಯಲ್ಲೇ ಹೋಯಿತೇನೋ ಅಂತ.

ಬೆಳಿಗ್ಗೆ ಸಾಲಿಗೆ ಸುದ್ದಿ ಮುಟ್ಟಿತ್ತು.
‘ನೋಡಿದೆಯಂತೆ! ಹೇಗಿತ್ತು?’
ಬೂಟುಗಳೆಲ್ಲ ನಿಂತವು.
ನೀಲಿ ಚಪ್ಪಲಿಯೊಳಗೆ ಬೆರಳು ಮುದುಡಿದವು.
ಒಲೆಯೊಳಗೆ ತಲೆ ಇಟ್ಟುಕೊಂಡೇ ಅಂದೆ:
‘ರೊಟ್ಟಿ ಸರಿಯಿಲ್ಲ. ಹಬೆ ಇರಲಿಲ್ಲ.’
‘ಉದ್ದವಾಯಿತು ಅನ್ನು’ ಅಂದ ಬೋಂದೋ.
‘ಕೊನೆ?’ ಝುಝುನಾ ಬಿಡಲಿಲ್ಲ.
‘ಕೊನೆಗೆ ನಿದ್ದೆ ಬಂತು.’

ನಕ್ಕರು. ಸಾಲು ಸರಿಯಿತು.
ಮೊದಲ ಸಲ ತ್ಸಿಯುರಿ ಕಿಟಕಿಗೆ ಬಗ್ಗಿದಳು.
ಗಲ್ಲದಲ್ಲಿ ಒಂದು ಮಚ್ಚೆ ಇದೆ, ಗೊತ್ತಿರಲಿಲ್ಲ.
ಏನೂ ಹೇಳದೆ ರೊಟ್ಟಿಯ ಚೂಪು ತುದಿ ಮುರಿದು
ನನಗೇ ಕೊಟ್ಟಳು. ನಾಲಿಗೆ ಸುಟ್ಟಿತು.

ಈ ವಾರ ಯಾವುದೋ ಹಡಗಿನ ಚಿತ್ರವಂತೆ.
ನಾನು ಹೋಗುವುದಿಲ್ಲ.
ಮುಳುಗಿತೋ, ದಡ ಸೇರಿತೋ,
ಭಾನುವಾರ ಅವಳು ಹೇಳುತ್ತಾಳೆ.
ಒಂದೆರಡು ರೊಟ್ಟಿ ಸೀದರೆ ಸೀಯಲಿ.