ಯಾರೂ ಸವೆಸದ ಬಿಳಿ

ಸೀಗೆಹಟ್ಟಿಯ ಹಿಟ್ಟಿನ ಗಿರಣಿಯ ಮೇಲೆ
ಭಾನುವಾರದ ಒಂದು ಕೋಣೆ.
ಕೆಳಗೆ ರಾಗಿ ಬೀಸುವಾಗ
ಬ್ರಷ್ಷು ಅದ್ದಿದ ಲೋಟದ ನೀರು ಮೈ ನಡುಗಿಸುತ್ತದೆ.

ಮೊದಲು ಬೋರ್ಡು ಬರೆಯುತ್ತಿದ್ದೆ ನಾನು.
ಹಿಂಡಿ ಅಂಗಡಿಗೆ ಎಮ್ಮೆ, ಬೀಡಿಗೆ ಜಿಂಕೆ,
ಲಾರಿಯ ಬೆನ್ನಿಗೆ ನಗುವ ಹುಲಿ.
ಫ್ಲೆಕ್ಸು ಬಂತು. ಹುಲಿಗಳು ಕೆಲಸ ಬಿಟ್ಟವು.
ಈಗ ಹನ್ನೊಂದು ಮಕ್ಕಳು, ತಲೆಗೆ ಇನ್ನೂರು ರೂಪಾಯಿ,
ಚಾಪೆಯ ಮೇಲೆ ಬೋರಲು ಮಲಗಿ
ಆನೆಗೆ ಬೂದಿ ಬಣ್ಣ ತಿಕ್ಕುತ್ತಾರೆ.

"ಬೂದಿ ಅಲ್ಲ ಸಾರ್," ಅಂದಿದ್ದಳು ಮಿಸ್ಬಾ,
ಸಕ್ರೆಬೈಲಿನ ಕಾವಾಡಿಯ ಮಗಳು.
"ಮಿಂದ ಮೇಲೆ ಕಪ್ಪು. ಮಣ್ಣು ಎರಚಿಕೊಂಡ ಮೇಲೆ ಕೆಂಪು.
ಕಿವಿ ಅಂಚಿಗೆ ಗುಲಾಬಿ, ಅದರ ಮೇಲೆ ಚುಕ್ಕೆ.
ಬೂದಿ ಅಂದ್ರೆ ನಡುವೆ ಯಾವಾಗ್ಲೋ, ಒಣಗೋವಾಗ."
ಮೂವತ್ತು ವರ್ಷ ನಾನು
ಒಣಗುತ್ತಿರುವ ಆನೆಯನ್ನೇ ಬರೆದಿದ್ದೆ.

ಇವತ್ತು ಒಂದು ಕಣ್ಕಟ್ಟು.
ಪ್ರತಿ ಪೇಸ್ಟಲ್ ಡಬ್ಬಿಯಲ್ಲೂ ಒಂದು ಬಿಳಿ ಕಡ್ಡಿ;
ಕೆಂಪು ಹಸಿರು ಮುಗಿದು, ಕಂದು ಉಗುರಿನಷ್ಟಾದರೂ
ಸುತ್ತಿದ ಕಾಗದ ಬಿಚ್ಚದೆ ಉದ್ದಕ್ಕೆ ಮಲಗಿರುತ್ತದೆ.
"ಅದರಲ್ಲೇ ಬರೀರಿ, ಬಿಳಿ ಹಾಳೆ ಮೇಲೆ. ಒತ್ತಿ.
ಏನೂ ಕಾಣಲ್ಲ. ಕಾಣಬಾರದು.
ಆಮೇಲೆ ನೀಲಿ ನೀರು, ಕಪ್ಪು ನೀರು ಹರಿಸಿ.
ಮೇಣ ನೀರನ್ನ ಹತ್ತಿರ ಸೇರಿಸಲ್ಲ,
ಒಳಗಿದ್ದ ಪ್ರಾಣಿ ತಾನಾಗೇ ಎದ್ದು ಬರುತ್ತೆ."

ಎದ್ದು ಬಂದವು.
ಚರಿತನ ಮುಳ್ಳುಹಂದಿ: ಮುಳ್ಳು ಜಾಸ್ತಿ, ಹಂದಿ ಕಡಿಮೆ.
ಅನ್ವಿತಾಳ ಕೆಂದಳಿಲಿನ ಬಾಲ ಹಾಳೆ ದಾಟಿ
ಪಕ್ಕದವಳ ಮೀನಿನ ಮೇಲೆ ಬಿದ್ದಿತ್ತು. ಜಗಳ.
ಮಿಸ್ಬಾ ಯಾರನ್ನೂ ನೋಡದೆ ಉಗುರು ಎಣಿಸುತ್ತಿದ್ದಳು,
ಮುಂಗಾಲಿಗೆ ಐದು, ಹಿಂಗಾಲಿಗೆ ನಾಲ್ಕು.

ಹಾಲೇಶಿಯ ಹಾಳೆ ಮಾತ್ರ ಕಪ್ಪು.
ಇಡೀ ಕಪ್ಪು.
ಬಣ್ಣ ಏನು ಪುಕ್ಕಟೆ ಬರುತ್ತೇನೋ ಅನ್ನಲು ಬಾಯಿ ತೆರೆದು
ಬಗ್ಗಿದೆ: ಮೇಲಿನ ಮೂಲೆಯಲ್ಲಿ
ಅವರೆಕಾಳಿನಷ್ಟು ಎರಡು ಚುಕ್ಕೆ, ಒತ್ತೊತ್ತಾಗಿ.

"ಕಾಡುಪಾಪ ಸಾರ್."
"ಮೈ ಎಲ್ಲೋ? ಕೈಕಾಲು?"
"ನಮ್ಮಪ್ಪ ನಾಟಾ ಡಿಪೋದಾಗೆ ರಾತ್ರಿ ಕಾವಲು.
ಬ್ಯಾಟರಿ ಬಿಟ್ಟಾಗ ಅಷ್ಟೇ ಕಂಡಿದ್ದಂತೆ.
ಕಾಣದೇ ಇದ್ದಿದ್ದನ್ನ ಹೆಂಗೆ ಬರೀಲಿ?"

ಕೆಳಗೆ ಗಿರಣಿ ನಿಂತಿತು,
ಯಾರದೋ ರಾಗಿ ಮುಗಿದಿರಬೇಕು.
ಲೋಟದ ನೀರು ಸುಮ್ಮನಾಯಿತು.
ನನ್ನ ಹುಲಿಗಳು ನೆನಪಾದವು. ಕ್ಯಾಲೆಂಡರ್ ನೋಡಿ ಬರೆದವು,
ಪಟ್ಟೆ ಎಣಿಸಿ, ಹಲ್ಲು ಎಣಿಸಿ,
ಮೀಸೆಯ ಒಂದು ಎಳೆಯನ್ನೂ ಬಿಡದೆ.
ನಾನಾಗಲಿ ನಮ್ಮಪ್ಪನಾಗಲಿ ಒಂದನ್ನೂ ಕಂಡವರಲ್ಲ.

ಅವನ ಡಬ್ಬಿ ತೆಗೆದು ನೋಡಿದೆ.
ಬಿಳಿ ಕಡ್ಡಿಯ ತುದಿ ಮೊಂಡಾಗಿತ್ತು,
ಎರಡು ಸಲ ಒತ್ತಿದಷ್ಟು.

"ಒಣಗಲಿ, ಮುಟ್ಟಬೇಡ" ಎಂದೆ.
ಅವನು ಹಾಳೆಯ ಮೇಲೆ ಬಾಗಿ
ಉಫ್ ಉಫ್ ಎಂದು ಊದುತ್ತಾ ಕೂತ,
ಕಣ್ಣಿಗೆ ಗಾಳಿ ತಾಗದ ಹಾಗೆ
ಒಂದು ಕೈ ಅಡ್ಡ ಹಿಡಿದು.